ತುರ್ತು ಚಿಕಿತ್ಸಾ ವಿಭಾಗದಲ್ಲಿ ಜಾರಿದ ಭುಜವನ್ನು ಕೂರಿಸುವ ಕ್ರಮ

ಭುಜದ ಕೀಲು ತಪ್ಪಿದಾಗ ತೋಳುಮೂಳೆಯ ತಲೆಯನ್ನು ಅದರ ಗೂಡಿನ ಹೊರಗೆ ಹಿಡಿದಿಟ್ಟಿರುವುದು ಸುತ್ತಲಿನ ಸ್ನಾಯುಗಳ ಬಿಗಿತ. ನೋವು ಹೆಚ್ಚಿದಷ್ಟೂ ಸ್ನಾಯು ಬಿಗಿಯುತ್ತದೆ, ಸ್ನಾಯು ಬಿಗಿದಷ್ಟೂ ನೋವು ಹೆಚ್ಚುತ್ತದೆ. ಈ ಸುತ್ತನ್ನು ಎಲ್ಲಿ ತುಂಡರಿಸಬೇಕೆಂದು ಅರಿತ ವೈದ್ಯರಿಗೆ ಬಲಪ್ರಯೋಗದ ಅಗತ್ಯ ಬೀಳುವುದು ಅಪರೂಪ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಹೊಸದಾಗಿ ಕೆಲಸ ಆರಂಭಿಸಿರುವ ವೈದ್ಯರಿಗೂ ಅವರ ಜೊತೆ ನಿಲ್ಲುವ ಶುಶ್ರೂಷಕರಿಗೂ ಉಪಯೋಗವಾಗಲೆಂದು ಈ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಬೇರೆ ಓದುಗರೂ ಇದನ್ನು ಓದಿ ತಿಳಿದುಕೊಳ್ಳಬಹುದು. ಆದರೆ ಎಕ್ಸ್-ರೇ, ನೋವುನಿವಾರಣೆ, ನರ ಮತ್ತು ರಕ್ತನಾಳಗಳ ಪರೀಕ್ಷೆ ಯಾವುದೂ ಇಲ್ಲದ ಜಾಗದಲ್ಲಿ ಯಾರ ಭುಜವನ್ನೂ ಎಳೆದು ಕೂರಿಸಲು ಹೋಗಬಾರದು. ಅಂಥ ಸಂದರ್ಭದಲ್ಲಿ ತೋಳು ಯಾವ ಭಂಗಿಯಲ್ಲಿ ನಿಂತಿದೆಯೋ ಅದೇ ಭಂಗಿಯಲ್ಲಿ ದಿಂಬು ಅಥವಾ ಮಡಚಿದ ಬಟ್ಟೆಯ ಆಧಾರ ಕೊಟ್ಟು, ಬೆರಳಿನ ಉಂಗುರ ಮತ್ತು ಕೈಗಡಿಯಾರ ತೆಗೆಸಿ, ತಿನ್ನಲು ಕುಡಿಯಲು ಏನೂ ಕೊಡದೆ ಆಸ್ಪತ್ರೆಗೆ ಕರೆತಂದರೆ ಸಾಕು.

ದೇಹದ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ಬಾರಿ ತಪ್ಪುವುದು ಭುಜವೇ. ಹೆಗಲಮೂಳೆಯ ಅಂಚಿನಲ್ಲಿರುವ ಗ್ಲೀನಾಯ್ಡ್ ಎಂಬ ಗೂಡು ಚಿಕ್ಕ ಬಟ್ಟಲಿನ ಮೇಲೆ ದೊಡ್ಡ ಚೆಂಡನ್ನು ಇಟ್ಟ ಹಾಗೆ ತೋಳುಮೂಳೆಯ ತಲೆಯನ್ನು ಅರೆಬರೆಯಾಗಿ ಮಾತ್ರ ಹಿಡಿದಿರುತ್ತದೆ. ಉಳಿದ ಆಸರೆಯೆಲ್ಲ ಗೂಡಿನ ಸುತ್ತಲಿನ ಲೇಬ್ರಮ್ ಎಂಬ ಅಂಚಿನಿಂದ, ಕೀಲನ್ನು ಸುತ್ತುವರಿದ ಚೀಲದಿಂದ ಮತ್ತು ರೊಟೇಟರ್ ಕಫ್ ಎಂದು ಕರೆಯುವ ನಾಲ್ಕು ಸ್ನಾಯುಗಳಿಂದ ಸಿಗಬೇಕು. ತೋಳು ಪಕ್ಕಕ್ಕೆ ಎತ್ತಿದ ಸ್ಥಿತಿಯಲ್ಲಿ ಹೊರಕ್ಕೆ ತಿರುಗಿ ಹಿಂದಕ್ಕೆ ಒತ್ತಲ್ಪಟ್ಟಾಗ ತಲೆ ಮುಂದಕ್ಕೆ ಜಾರುತ್ತದೆ. ಭುಜ ತಪ್ಪಿದ ಪ್ರಕರಣಗಳಲ್ಲಿ ಶೇಕಡಾ 95ರಷ್ಟು ಹೀಗೆ ಮುಂದಕ್ಕೆ ಜಾರಿದವೇ ಆಗಿರುತ್ತವೆ. ಹಿಂದಕ್ಕೆ ಜಾರುವುದು ಕಡಿಮೆ, ಕೆಳಕ್ಕೆ ಜಾರುವುದು ತೀರ ವಿರಳ. ಮುಂದಕ್ಕೆ ಜಾರುವಾಗ ಲೇಬ್ರಮ್ಮಿನ ಮುಂಭಾಗದ ಕೆಳ ಅಂಚು ಹರಿಯುವುದನ್ನು 1923ರಲ್ಲಿ ಬ್ಯಾಂಕಾರ್ಟ್ ವಿವರಿಸಿದರು. ತಲೆಯ ಹಿಂಭಾಗ ಗೂಡಿನ ಅಂಚಿಗೆ ಬಡಿದು ತಗ್ಗು ಬೀಳುವುದನ್ನು 1940ರಲ್ಲಿ ಹಿಲ್ ಮತ್ತು ಸ್ಯಾಕ್ಸ್ ವಿವರಿಸಿದರು. ಈ ಎರಡು ಗಾಯಗಳು ಕೀಲು ಕೂರಿಸುವ ಹೊತ್ತಿನಲ್ಲಿ ಅಷ್ಟಾಗಿ ತೊಂದರೆ ಕೊಡದಿದ್ದರೂ, ಅದೇ ಭುಜ ಮತ್ತೆ ಮತ್ತೆ ಜಾರಲು ಮುಖ್ಯ ಕಾರಣ ಅವೇ.

ನೋಡುವುದು ಮತ್ತು ಮುಟ್ಟುವುದು

ಮುಂದಕ್ಕೆ ಜಾರಿದ ಭುಜವನ್ನು ಅನುಭವವಿರುವ ಕಣ್ಣು ಬಾಗಿಲಲ್ಲೇ ಗುರುತಿಸುತ್ತದೆ. ರೋಗಿ ಒಂದು ಕಡೆಗೆ ವಾಲಿಕೊಂಡು, ಪೆಟ್ಟಾದ ಕೈಯ ಮುಂಗೈಯನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದಿರುತ್ತಾರೆ. ತೋಳು ಪಕ್ಕೆಯಿಂದ ಸ್ವಲ್ಪ ದೂರ ಸರಿದು ಹೊರಕ್ಕೆ ತಿರುಗಿರುತ್ತದೆ. ಎರಡೂ ಭುಜಗಳನ್ನು ಬಟ್ಟೆ ಸರಿಸಿ ಅಕ್ಕಪಕ್ಕದಲ್ಲಿ ನೋಡಿದರೆ ಒಂದು ಕಡೆ ಡೆಲ್ಟಾಯ್ಡ್ ಸ್ನಾಯುವಿನ ಗುಂಡಗಿನ ಉಬ್ಬು ಕಾಣುತ್ತದೆ, ಇನ್ನೊಂದು ಕಡೆ ಆ ಉಬ್ಬು ಮಾಯವಾಗಿ ಭುಜದ ತುದಿಯ ಮೂಳೆ ಚೂಪಾಗಿ ಎದ್ದಿರುತ್ತದೆ. ಆ ತುದಿಯ ಕೆಳಗೆ ಬೆರಳಿಟ್ಟರೆ ಗಟ್ಟಿಯಾಗಿ ಸಿಗಬೇಕಾದ ತಲೆ ಸಿಗದೆ ಬೆರಳು ಒಳಕ್ಕೆ ಹೋಗುತ್ತದೆ. ತಲೆ ಹೆಗಲಮೂಳೆಯಿಂದ ಮುಂದಕ್ಕೆ ಚಾಚಿರುವ ಕೊರಕಾಯ್ಡ್ ಎಂಬ ಮೊನೆಯ ಕೆಳಗೆ, ಕಂಕುಳಿನ ಮುಂಭಾಗದಲ್ಲಿ ಕೈಗೆ ತಾಗುತ್ತದೆ. ಪೆಟ್ಟಾದ ಕೈಯಿಂದ ಎದುರು ಭುಜವನ್ನು ಮುಟ್ಟಲು ರೋಗಿಗೆ ಆಗುವುದಿಲ್ಲ.

ಹೇಗೆ ಬಿದ್ದರು, ಎಷ್ಟು ಹೊತ್ತಾಯಿತು, ಇದು ಮೊದಲ ಸಲವೇ, ಮೊದಲೂ ಜಾರಿದ್ದರೆ ಹೇಗೆ ಕೂರಿಸಿದ್ದರು, ಕೊನೆಯ ಊಟ ಯಾವಾಗ, ಯಾವ ಔಷಧಕ್ಕೆ ಅಲರ್ಜಿ, ರಕ್ತ ತಿಳಿಯಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ಬೀಳಲು ಕಾರಣವೇನೆಂದು ಕೇಳುವುದನ್ನು ಮರೆಯಬಾರದು. ತಲೆ ಸುತ್ತಿ ಅಥವಾ ಎದೆಬಡಿತ ತಪ್ಪಿ ಬಿದ್ದ ಹಿರಿಯರಲ್ಲಿ ಭುಜವನ್ನಷ್ಟೇ ನೋಡಿ ಕಳಿಸಿದರೆ ದೊಡ್ಡ ಕಾಯಿಲೆ ಹಾಗೆಯೇ ಉಳಿದುಬಿಡುತ್ತದೆ.

ಮುಂದಿನ ಹೆಜ್ಜೆಯಾದ ನರ ಮತ್ತು ರಕ್ತನಾಳಗಳ ಪರೀಕ್ಷೆಯನ್ನು ಅವಸರದಲ್ಲಿ ಬಿಡುವ ರೂಢಿ ಅನೇಕ ಕಡೆ ಇದೆ, ಅದು ಸರಿಯಲ್ಲ. ಆಕ್ಸಿಲರಿ ನರ ತೋಳುಮೂಳೆಯ ಕುತ್ತಿಗೆಯನ್ನು ಬಳಸಿಕೊಂಡು ಹೋಗುವುದರಿಂದ ತಲೆ ಜಾರಿದಾಗ ಅದು ಜಗ್ಗಿಹೋಗುತ್ತದೆ. ತೋಳಿನ ಹೊರಬದಿಯ ಮೇಲ್ಭಾಗದಲ್ಲಿ ಹತ್ತಿಯಿಂದ ಮುಟ್ಟಿ ಎರಡೂ ಬದಿಗಳನ್ನು ಹೋಲಿಸಬೇಕು. ಸ್ಪರ್ಶ ಚೆನ್ನಾಗಿದ್ದ ಮಾತ್ರಕ್ಕೆ ನರ ಚೆನ್ನಾಗಿದೆ ಎಂದು ಹೇಳಲಾಗದು. ಆದ್ದರಿಂದ ಡೆಲ್ಟಾಯ್ಡ್ ಮೇಲೆ ಅಂಗೈ ಇಟ್ಟು, ತೋಳನ್ನು ಅಲ್ಲಾಡಿಸದೆ ಮೊಣಕೈಯನ್ನು ಹೊರಕ್ಕೆ ಒತ್ತಲು ಪ್ರಯತ್ನಿಸುವಂತೆ ರೋಗಿಗೆ ಹೇಳಿ, ಸ್ನಾಯು ಗಟ್ಟಿಯಾಗುತ್ತದೆಯೇ ಎಂದು ನೋಡಬೇಕು. ಮಣಿಕಟ್ಟನ್ನು ಮೇಲೆತ್ತುವುದು, ಹೆಬ್ಬೆರಳು ಮತ್ತು ತೋರುಬೆರಳನ್ನು ಉಂಗುರದಂತೆ ಜೋಡಿಸುವುದು, ಬೆರಳುಗಳನ್ನು ಅಗಲಿಸುವುದು, ಈ ಮೂರನ್ನು ಮಾಡಿಸಿದರೆ ರೇಡಿಯಲ್, ಮೀಡಿಯನ್ ಮತ್ತು ಅಲ್ನಾರ್ ನರಗಳ ಪರೀಕ್ಷೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಮಣಿಕಟ್ಟಿನ ನಾಡಿ, ಬೆರಳಿನ ಬಣ್ಣ ಮತ್ತು ಬಿಸಿಯನ್ನು ಎರಡೂ ಕೈಗಳಲ್ಲಿ ಹೋಲಿಸಬೇಕು. ಕಂಕುಳಿನಲ್ಲಿ ಬೆಳೆಯುತ್ತಿರುವ ಊತ, ತಣ್ಣಗಾದ ಕೈ ಅಥವಾ ಕ್ಷೀಣಿಸಿದ ನಾಡಿ ಕಂಡರೆ ಆಕ್ಸಿಲರಿ ಅಪಧಮನಿಗೆ ಗಾಯವಾಗಿರಬಹುದು. ರಕ್ತನಾಳ ಗಡುಸಾಗಿರುವ ಹಿರಿಯರಲ್ಲಿ ಈ ಅಪಾಯ ಹೆಚ್ಚು. ಪಕ್ಕದ ಸಣ್ಣ ನಾಳಗಳ ಮೂಲಕ ರಕ್ತ ಹರಿಯುವುದರಿಂದ ಮಣಿಕಟ್ಟಿನ ನಾಡಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ ನಿಶ್ಚಿಂತರಾಗುವಂತಿಲ್ಲ.

ಕಂಡದ್ದೆಲ್ಲವನ್ನೂ ಕೀಲು ಕೂರಿಸುವ ಮೊದಲೇ ಸಮಯದ ಸಹಿತ ಬರೆದಿಡಬೇಕು. ಕೂರಿಸಿದ ನಂತರ ಮೊದಲ ಬಾರಿಗೆ ನರದ ದೋಷ ಕಂಡುಬಂದರೆ, ಅದು ಬಿದ್ದಾಗ ಆದದ್ದೋ ಚಿಕಿತ್ಸೆಯಿಂದ ಆದದ್ದೋ ಎಂದು ಯಾರಿಗೂ ಹೇಳಲಾಗದು. ಅಂದಹಾಗೆ, ಆಕ್ಸಿಲರಿ ನರದ ದೌರ್ಬಲ್ಯವಿದೆ ಎಂಬ ಕಾರಣಕ್ಕೆ ಕೀಲು ಕೂರಿಸುವುದನ್ನು ಮುಂದೂಡಬಾರದು. ಜಗ್ಗಿದ ನರಕ್ಕೆ ಬೇಗ ಬಿಡುವು ಸಿಕ್ಕಷ್ಟೂ ಒಳ್ಳೆಯದು, ಮತ್ತು ಇಂಥ ದೌರ್ಬಲ್ಯಗಳಲ್ಲಿ ಹೆಚ್ಚಿನವು ವಾರಗಳಲ್ಲಿ ಅಥವಾ ಕೆಲವು ತಿಂಗಳುಗಳಲ್ಲಿ ತಾವಾಗಿಯೇ ಸರಿಹೋಗುತ್ತವೆ.

ಎಕ್ಸ್-ರೇ

ಮುಂದಿನಿಂದ ತೆಗೆದ ಒಂದೇ ಚಿತ್ರ ಸಾಲದು. ಹೆಗಲಮೂಳೆಯನ್ನು ಪಕ್ಕದಿಂದ ತೋರಿಸುವ ವೈ ಚಿತ್ರವೋ ಕಂಕುಳಿನ ಮೂಲಕ ತೆಗೆದ ಚಿತ್ರವೋ ಜೊತೆಗೆ ಬೇಕೇ ಬೇಕು. ತೋಳನ್ನು ಎತ್ತಲಾಗದ ರೋಗಿಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಮೇಲಿನಿಂದ ತೆಗೆಯುವ ವೆಲ್ಪೋ ಚಿತ್ರವನ್ನು ರೇಡಿಯಾಲಜಿಯವರಿಂದ ಕೇಳಿ ಪಡೆಯಬಹುದು. ನಲವತ್ತು ದಾಟಿದವರಲ್ಲಿ, ಮೊದಲ ಬಾರಿ ಕೀಲು ತಪ್ಪಿದವರಲ್ಲಿ, ಎತ್ತರದಿಂದ ಬಿದ್ದವರಲ್ಲಿ, ವಾಹನ ಅಪಘಾತ ಅಥವಾ ಹೊಡೆದಾಟದಲ್ಲಿ ಪೆಟ್ಟಾದವರಲ್ಲಿ ಮೂಳೆ ಮುರಿತವೂ ಜೊತೆಗಿರುವ ಸಾಧ್ಯತೆ ಹೆಚ್ಚಾದ್ದರಿಂದ ಚಿತ್ರ ನೋಡದೆ ಕೈ ಹಾಕಬಾರದು. ಪೆಟ್ಟೇ ಇಲ್ಲದೆ ಪದೇಪದೇ ಜಾರುವ ಭುಜವುಳ್ಳ, ಚಿಹ್ನೆಗಳು ಸ್ಪಷ್ಟವಾಗಿರುವ ಯುವ ರೋಗಿಯಲ್ಲಿ ಅನುಭವಿ ವೈದ್ಯರು ಚಿತ್ರವಿಲ್ಲದೆ ಕೂರಿಸುವುದುಂಟು. ಆ ನಿರ್ಧಾರವನ್ನು ಹೊಸಬರು ತಾವೇ ತೆಗೆದುಕೊಳ್ಳದಿರುವುದು ಮೇಲು.

ಚಿತ್ರದಲ್ಲಿ ತಲೆ ಎಲ್ಲಿದೆ ಎಂದು ನೋಡಿದ ಕೂಡಲೇ ಕಣ್ಣು ತೋಳುಮೂಳೆಯ ಕುತ್ತಿಗೆಯ ಕಡೆಗೆ ಹೋಗಬೇಕು. ಅಲ್ಲಿ ಬಿರುಕಿದ್ದರೆ, ಎಳೆದಾಗ ತಲೆ ಅಲ್ಲೇ ಉಳಿದು ಮೂಳೆಯ ಕಾಂಡ ಮಾತ್ರ ಸರಿದು ಬರುತ್ತದೆ, ಸರಳವಾಗಿದ್ದ ಗಾಯ ದೊಡ್ಡ ಶಸ್ತ್ರಚಿಕಿತ್ಸೆಗೆ ತಿರುಗುತ್ತದೆ. ಹೀಗಾಗಿ ಕುತ್ತಿಗೆಯ ಮುರಿತವಿರುವ ಭುಜ, ರಕ್ತನಾಳದ ಗಾಯದ ಅನುಮಾನವಿರುವ ಭುಜ, ಚರ್ಮ ಹರಿದು ಕೀಲು ತೆರೆದುಕೊಂಡಿರುವ ಭುಜ ಮತ್ತು ಮೂರು ವಾರಕ್ಕಿಂತ ಹಳೆಯದಾದ ತಪ್ಪಿದ ಭುಜ, ಇವನ್ನು ಮೂಳೆತಜ್ಞರಿಗೆ ಒಪ್ಪಿಸಬೇಕು. ಹಳೆಯ ಪ್ರಕರಣಗಳಲ್ಲಿ ಸುತ್ತಲಿನ ಅಂಗಾಂಶ ಅಂಟಿಕೊಂಡಿರುವುದರಿಂದ ಎಳೆಯುವಾಗ ಅಪಧಮನಿ ಹರಿಯುವ ಭಯವಿದೆ. ದೊಡ್ಡ ಟ್ಯೂಬರಾಸಿಟಿ ಎಂಬ ಉಬ್ಬು ಮಾತ್ರ ಮುರಿದಿದ್ದರೆ ಮೃದುವಾದ ವಿಧಾನದಿಂದ ಕೀಲು ಕೂರಿಸಬಹುದು, ಬಹುಪಾಲು ರೋಗಿಗಳಲ್ಲಿ ಆ ತುಣುಕೂ ತನ್ನ ಜಾಗಕ್ಕೆ ಹತ್ತಿರ ಬರುತ್ತದೆ. ಆದರೆ ಅದರ ಜೊತೆ ಕುತ್ತಿಗೆಯಲ್ಲಿ ಕೂದಲೆಳೆಯಂಥ ಬಿರುಕು ಅಡಗಿರಬಹುದು. ಅನುಮಾನವಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸುವುದು ಒಳ್ಳೆಯದು.

ನೋವನ್ನು ಇಳಿಸುವುದು

ಎಕ್ಸ್-ರೇಗೆ ಕಳಿಸುವ ಮೊದಲೇ ನೋವಿನ ಔಷಧ ಕೊಡಬೇಕು. ಚಿತ್ರ ಬರಲಿ, ಆಮೇಲೆ ನೋಡೋಣ ಎನ್ನುವುದು ಕ್ರೂರ. ಪ್ಯಾರಾಸಿಟಮಾಲ್, ಅಗತ್ಯವಿದ್ದರೆ ರಕ್ತನಾಳದ (ಅಭಿಧಮನಿಯ) ಮೂಲಕ ಪ್ರತಿ ಕಿಲೋ ತೂಕಕ್ಕೆ 1 ಮೈಕ್ರೋಗ್ರಾಂ ಫೆಂಟನಿಲ್ ಅಥವಾ 0.05ರಿಂದ 0.1 ಮಿ.ಗ್ರಾಂ ಮಾರ್ಫಿನ್, ಹಿರಿಯರಲ್ಲಿ ಇದರ ಅರ್ಧದಿಂದ ಆರಂಭಿಸಿ, ನಿಧಾನವಾಗಿ ಕೊಡಬಹುದು. ಅರ್ಧ ಆಮ್ಲಜನಕ ಅರ್ಧ ನೈಟ್ರಸ್ ಆಕ್ಸೈಡ್ ಇರುವ ಅನಿಲವನ್ನು ರೋಗಿಯೇ ಮುಖಕವಚ ಹಿಡಿದು ಉಸಿರಾಡುವುದು ಹಲವರಿಗೆ ಸಾಕಾಗುತ್ತದೆ. ಶ್ವಾಸಕೋಶದ ಸುತ್ತ ಗಾಳಿ ಸೇರಿರುವ ಅನುಮಾನವಿದ್ದವರಿಗೆ ಆ ಅನಿಲ ಕೊಡುವಂತಿಲ್ಲ.

ಮಂಪರು ಔಷಧಕ್ಕೆ ಹೋಗುವ ಮುನ್ನ ಕೀಲಿನೊಳಗೆ ಲಿಡೋಕೇನ್ ಎಂಬ ಸ್ಥಳೀಯ ಅರಿವಳಿಕೆ ಔಷಧ ಕೊಡುವುದನ್ನು ಗಂಭೀರವಾಗಿ ಪರಿಗಣಿಸಬೇಕು. ಅದು ಸುಲಭ, ರೋಗಿ ಎಚ್ಚರವಾಗಿರುತ್ತಾರೆ, ಮನೆಗೆ ಬೇಗ ಹೋಗಬಹುದು. ಭುಜದ ತುದಿಯ ಮೂಳೆಯ ಹೊರ ಅಂಚಿನಿಂದ ಸುಮಾರು 2 ಸೆಂ.ಮೀ. ಕೆಳಗೆ, ತಲೆ ಇರಬೇಕಾದ ಆ ಖಾಲಿ ತಗ್ಗಿನಲ್ಲಿ, ಚರ್ಮವನ್ನು ಸೋಂಕುನಾಶಕದಿಂದ ಚೆನ್ನಾಗಿ ಒರೆಸಿ, ಸೂಜಿಯನ್ನು ಗೂಡಿನತ್ತ ಒಳಮುಖವಾಗಿ ಸ್ವಲ್ಪ ಕೆಳಕ್ಕೆ ಬಾಗಿಸಿ ತೂರಿಸಬೇಕು. ಸಿರಿಂಜನ್ನು ಹಿಂದಕ್ಕೆ ಎಳೆದಾಗ ಕಡುಕೆಂಪಾದ ಹಳೆಯ ರಕ್ತ ಬಂದರೆ ಸೂಜಿ ಕೀಲಿನೊಳಗಿದೆ ಎಂದು ತಿಳಿಯಬೇಕು. ಸಾಧ್ಯವಾದಷ್ಟು ಆ ರಕ್ತವನ್ನು ಹೊರತೆಗೆದು, ಶೇಕಡಾ 1ರ ಲಿಡೋಕೇನನ್ನು 20 ಮಿ.ಲೀ. ವರೆಗೆ ನಿಧಾನವಾಗಿ ತುಂಬಬೇಕು. ಇಲ್ಲಿ ಲೆಕ್ಕ ತಪ್ಪಬಾರದು: 20 ಮಿ.ಲೀ. ಎಂದರೆ 200 ಮಿ.ಗ್ರಾಂ, 50 ಕಿಲೋ ತೂಗುವವರಲ್ಲಿ ಇದು ಪ್ರತಿ ಕಿಲೋಗೆ 4 ಮಿ.ಗ್ರಾಂ ಆಯಿತು. ಕೆಲವು ಆಸ್ಪತ್ರೆಗಳು ಗರಿಷ್ಠ ಮಿತಿಯನ್ನು ಕಿಲೋಗೆ 3 ಮಿ.ಗ್ರಾಂ ಎಂದೂ, ಕೆಲವು 4.5 ಮಿ.ಗ್ರಾಂ ಎಂದೂ ಇಟ್ಟುಕೊಂಡಿರುವುದರಿಂದ ಕಡಿಮೆ ತೂಕದವರಿಗೆ ಪ್ರಮಾಣವನ್ನು ಇಳಿಸಲೇಬೇಕು. ಔಷಧ ಕೊಟ್ಟ ಮೇಲೆ 15ರಿಂದ 20 ನಿಮಿಷ ಕಾಯಬೇಕು. ಕಾಯದೆ ಎಳೆದು, ಲಿಡೋಕೇನ್ ಕೆಲಸ ಮಾಡುವುದಿಲ್ಲ ಎಂದು ದೂರುವವರು ಹಲವರಿದ್ದಾರೆ.

ನುರಿತವರಿದ್ದಲ್ಲಿ ಅಲ್ಟ್ರಾಸೌಂಡ್ ನೆರವಿನಿಂದ ನರಕ್ಕೆ ಅರಿವಳಿಕೆ ಕೊಡಬಹುದು. ಕುತ್ತಿಗೆಯಲ್ಲಿ ಕೊಡುವ ಇಂಟರ್‌ಸ್ಕೇಲೀನ್ ಬ್ಲಾಕ್ ಅದೇ ಬದಿಯ ವಪೆಯ ನರವನ್ನೂ ತಾತ್ಕಾಲಿಕವಾಗಿ ಸುಮ್ಮನಾಗಿಸುವುದರಿಂದ ಉಸಿರಾಟದ ತೊಂದರೆ ಇರುವವರಿಗೆ ಅದು ಹೊಂದುವುದಿಲ್ಲ.

ಇಷ್ಟಾದರೂ ಸ್ನಾಯು ಸಡಿಲವಾಗದಿದ್ದರೆ ಮಂಪರು ಔಷಧ ಬೇಕಾಗುತ್ತದೆ. ಆಗ ಕೀಲು ಕೂರಿಸುವವರೇ ಔಷಧವನ್ನೂ ನೋಡಿಕೊಳ್ಳುವಂತಿಲ್ಲ. ಉಸಿರಿನ ದಾರಿಯನ್ನು ಕಾಯಲು ಬಲ್ಲ ಇನ್ನೊಬ್ಬ ವೈದ್ಯರು ರೋಗಿಯ ತಲೆಯ ಬಳಿ ನಿಲ್ಲಬೇಕು. ಆಮ್ಲಜನಕ, ಸಕ್ಷನ್, ಬ್ಯಾಗ್-ಮಾಸ್ಕ್ ಕೈಗೆಟುಕುವಂತಿರಬೇಕು; ರಕ್ತದ ಆಮ್ಲಜನಕ, ರಕ್ತದೊತ್ತಡ, ಇ.ಸಿ.ಜಿ. ಮತ್ತು ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡ್ ಎಲ್ಲವೂ ಪರದೆಯ ಮೇಲೆ ಕಾಣುತ್ತಿರಬೇಕು. ಪ್ರೊಪೊಫಾಲ್ ಕೊಡುವುದಾದರೆ ಕಿಲೋಗೆ 0.5ರಿಂದ 1 ಮಿ.ಗ್ರಾಂ ಇಂದ ಆರಂಭಿಸಿ ಸಣ್ಣ ಸಣ್ಣ ಕಂತುಗಳಲ್ಲಿ ಏರಿಸಬೇಕು, ಹಿರಿಯರಲ್ಲಿ ಇನ್ನೂ ಕಡಿಮೆ. ಕೆಟಮಿನ್ ಆದರೆ ಕಿಲೋಗೆ 1 ಮಿ.ಗ್ರಾಂ ಅನ್ನು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ತೆಗೆದುಕೊಂಡು ಕೊಡಬೇಕು. ಈ ಕೆಲಸದಲ್ಲಿ ಅತ್ಯಂತ ಅಪಾಯದ ಗಳಿಗೆ ಕೀಲು ಕೂತ ಮರುಕ್ಷಣ. ಅಲ್ಲಿಯವರೆಗೆ ನೋವೇ ರೋಗಿಯನ್ನು ಅರ್ಧ ಎಚ್ಚರದಲ್ಲಿ ಇಟ್ಟಿರುತ್ತದೆ. ಮೂಳೆ ಜಾಗಕ್ಕೆ ಸೇರಿ ನೋವು ಮಾಯವಾದ ಕೂಡಲೇ ಅದೇ ಪ್ರಮಾಣದ ಔಷಧ ಗಾಢ ನಿದ್ದೆ ತಂದು ಉಸಿರು ನಿಲ್ಲಬಹುದು. ಎಲ್ಲರೂ ನಿಟ್ಟುಸಿರು ಬಿಟ್ಟು ಕೈಗವಸು ಕಳಚುವ ಆ ಹೊತ್ತಿನಲ್ಲಿಯೇ ಒಬ್ಬರ ಕಣ್ಣು ರೋಗಿಯ ಎದೆಯ ಮೇಲಿರಬೇಕು.

ಕೀಲು ಕೂರಿಸುವ ವಿಧಾನಗಳು

ಇಪ್ಪತ್ತಕ್ಕೂ ಹೆಚ್ಚು ವಿಧಾನಗಳು ವೈದ್ಯಸಾಹಿತ್ಯದಲ್ಲಿವೆ. ಒಬ್ಬ ವೈದ್ಯರಿಗೆ ಮೂರು ನಾಲ್ಕು ವಿಧಾನಗಳು ಕೈಗೆ ಚೆನ್ನಾಗಿ ಹತ್ತಿದ್ದರೆ ಸಾಕು. ಒಂದು ಸೋತರೆ ಅದನ್ನೇ ಹೆಚ್ಚು ಬಲದಿಂದ ಮಾಡದೆ ಇನ್ನೊಂದಕ್ಕೆ ಹೋಗಬಹುದು. ಯಾವ ವಿಧಾನವಾದರೂ ನಡೆಯುವುದೇನೆಂದು ರೋಗಿಗೆ ಮೊದಲೇ ತಿಳಿಸಿ, ‘ನೀವು ನಿಲ್ಲಿಸಿ ಎಂದರೆ ನಾನು ಅಲ್ಲೇ ನಿಲ್ಲಿಸುತ್ತೇನೆ’ ಎಂದು ಮಾತು ಕೊಟ್ಟು, ಆ ಮಾತನ್ನು ಉಳಿಸಿಕೊಳ್ಳಬೇಕು. ನಂಬಿಕೆ ಹುಟ್ಟಿದ ರೋಗಿಯ ಸ್ನಾಯು ಸಡಿಲವಾಗುವಷ್ಟು ಬೇಗ ಹೆದರಿದವರ ಸ್ನಾಯು ಸಡಿಲವಾಗುವುದಿಲ್ಲ.

ಹೊಸಬರು ಮೊದಲು ಕಲಿಯಬೇಕಾದುದು ಹೊರಕ್ಕೆ ತಿರುಗಿಸುವ ವಿಧಾನ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇದಕ್ಕೆ ಒಬ್ಬರೇ ಸಾಕು, ಎಳೆತ ಬೇಕಿಲ್ಲ. ರೋಗಿಯನ್ನು ಅಂಗಾತ ಮಲಗಿಸಿ, ತೋಳನ್ನು ನಿಧಾನವಾಗಿ ಪಕ್ಕೆಗೆ ತಾಗಿಸಬೇಕು. ಮೊಣಕೈಯನ್ನು 90 ಡಿಗ್ರಿಗೆ ಮಡಚಿ, ವೈದ್ಯರ ಒಂದು ಕೈ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದಿರಬೇಕು, ಇನ್ನೊಂದು ಕೈ ಮಣಿಕಟ್ಟನ್ನು ಹಿಡಿದಿರಬೇಕು. ಮುಂಗೈ ಮೊದಲು ಚಾವಣಿಯತ್ತ ನಿಂತಿರುತ್ತದೆ. ಅದನ್ನು ಹೊರಕ್ಕೆ, ಮಂಚದ ಅಂಚಿನ ಕಡೆಗೆ, ತನ್ನ ಭಾರಕ್ಕೆ ತಾನೇ ಬೀಳಲು ಬಿಟ್ಟಂತೆ ಇಳಿಸುತ್ತಾ ಹೋಗಬೇಕು. ನೋವೆಂದು ರೋಗಿ ಹೇಳಿದ ಕಡೆ ಅಥವಾ ಸ್ನಾಯು ಬಿಗಿಯಾದದ್ದು ಕೈಗೆ ತಿಳಿದ ಕಡೆ ನಿಲ್ಲಿಸಬೇಕು. ಮುಂಗೈಯನ್ನು ಹಿಂದಕ್ಕೆ ತರಬಾರದು, ಮುಂದಕ್ಕೂ ಒತ್ತಬಾರದು. ಅಲ್ಲೇ ಹಿಡಿದು ಮೂರು ನಾಲ್ಕು ದೀರ್ಘ ಉಸಿರಿನಷ್ಟು ಹೊತ್ತು ಕಾದರೆ ಬಿಗಿತ ಸಡಿಲವಾಗಿ ಮುಂಗೈ ಇನ್ನೊಂದಿಷ್ಟು ಇಳಿಯುತ್ತದೆ. ಹೀಗೆ ಐದರಿಂದ ಹತ್ತು ನಿಮಿಷ ಹಿಡಿಯಬಹುದು. 70ರಿಂದ 110 ಡಿಗ್ರಿಯ ನಡುವೆ ಎಲ್ಲೋ ಒಂದು ಕಡೆ ತಲೆ ಗೂಡಿಗೆ ಸರಿಯುತ್ತದೆ, ಹಲವು ಬಾರಿ ಸದ್ದೂ ಇಲ್ಲದೆ. ಪೂರ್ತಿ ತಿರುಗಿಸಿದರೂ ಕೂರದಿದ್ದರೆ, ಆ ತಿರುವನ್ನು ಹಾಗೆಯೇ ಉಳಿಸಿಕೊಂಡು ತೋಳನ್ನು ಪಕ್ಕದಿಂದ ನಿಧಾನವಾಗಿ ರೋಗಿಯ ತಲೆಯ ಕಡೆಗೆ ಎತ್ತುತ್ತಾ, ಕಂಕುಳಿನಲ್ಲಿ ಸಿಗುವ ಮೂಳೆಯ ತಲೆಯನ್ನು ಹೆಬ್ಬೆರಳಿನಿಂದ ಮೇಲಕ್ಕೆ ಹೊರಕ್ಕೆ ತಳ್ಳಬಹುದು. ಇದು 1938ರಲ್ಲಿ ಮಿಲ್ಚ್ ವಿವರಿಸಿದ ವಿಧಾನಕ್ಕೆ ಸಹಜವಾಗಿ ಸೇರಿಕೊಳ್ಳುತ್ತದೆ, ಮತ್ತು ಎರಡನ್ನೂ ಒಂದೇ ಸರಣಿಯಾಗಿ ಕಲಿಯುವುದು ಒಳ್ಳೆಯದು.

ಹೆಗಲಮೂಳೆಯನ್ನು ತಿರುಗಿಸುವ ವಿಧಾನದಲ್ಲಿ ತಲೆಯನ್ನು ಗೂಡಿಗೆ ತರುವ ಬದಲು ಗೂಡನ್ನೇ ತಲೆಯ ಬಳಿಗೆ ತರುತ್ತೇವೆ. ರೋಗಿ ಬೋರಲು ಮಲಗಿ ತೋಳನ್ನು ಮಂಚದಿಂದ ಕೆಳಗೆ ಇಳಿಬಿಡಬಹುದು. ಅಥವಾ ಕೂತಿದ್ದು ಸಹಾಯಕರು ತೋಳನ್ನು ಮುಂದಕ್ಕೆ ಮೃದುವಾಗಿ ಎಳೆದು ಹಿಡಿಯಬಹುದು. ಹಿಂದೆ ನಿಂತ ವೈದ್ಯರು ಹೆಗಲಮೂಳೆಯ ಕೆಳತುದಿಯನ್ನು ಒಂದು ಕೈಯ ಹೆಬ್ಬೆರಳಿನಿಂದ ಬೆನ್ನುಮೂಳೆಯತ್ತ ತಳ್ಳಿ, ಇನ್ನೊಂದು ಕೈಯಿಂದ ಅದರ ಮೇಲ್ಭಾಗವನ್ನು ಸ್ಥಿರವಾಗಿ ಹಿಡಿಯಬೇಕು. ತೆಳ್ಳಗಿನ ಮೈಕಟ್ಟಿನವರಲ್ಲಿ ಇದು ಬಹಳ ಚೆನ್ನಾಗಿ ಸಾಗುತ್ತದೆ. ದಪ್ಪ ಮೈಯವರಲ್ಲಿ ಮೂಳೆಯ ತುದಿಯನ್ನು ಹಿಡಿಯುವುದೇ ಕಷ್ಟವಾಗುತ್ತದೆ.

ಆಸ್ಟ್ರೇಲಿಯಾದ ನೀಲ್ ಕನಿಂಗ್‌ಹ್ಯಾಮ್ 2003ರಲ್ಲಿ ಪ್ರಕಟಿಸಿದ ವಿಧಾನ ಔಷಧವಿಲ್ಲದೆಯೂ ಫಲ ಕೊಡಬಲ್ಲದು. ರೋಗಿ ಬೆನ್ನು ನೇರವಾಗಿಟ್ಟು ಕುರ್ಚಿಯಲ್ಲಿ ಕೂತು, ತೋಳನ್ನು ಪಕ್ಕೆಗೆ ತಾಗಿಸಿ, ಮೊಣಕೈ ಮಡಚಿ, ತಮ್ಮ ಅಂಗೈಯನ್ನು ಎದುರು ಕೂತ ವೈದ್ಯರ ಭುಜದ ಮೇಲೆ ಇಡುತ್ತಾರೆ. ವೈದ್ಯರು ತಮ್ಮ ಒಂದು ಕೈಯನ್ನು ರೋಗಿಯ ಮೊಣಕೈಯ ಮಡಿಕೆಯಲ್ಲಿ ಸುಮ್ಮನೆ ಇಟ್ಟು, ಅದರ ಭಾರವಷ್ಟೇ ಕೆಳಕ್ಕೆ ಬೀಳುವಂತೆ ಬಿಟ್ಟು, ಇನ್ನೊಂದು ಕೈಯಿಂದ ಟ್ರಪೀಜಿಯಸ್, ಡೆಲ್ಟಾಯ್ಡ್, ಬೈಸೆಪ್ಸ್ ಸ್ನಾಯುಗಳನ್ನು ಸರದಿಯಂತೆ ನೀವುತ್ತಾರೆ. ಭುಜಗಳನ್ನು ಮೇಲಕ್ಕೂ ಹಿಂದಕ್ಕೂ ಸರಿಸಿ ಎದೆ ಉಬ್ಬಿಸಿ ಕೂರುವಂತೆ ರೋಗಿಗೆ ಹೇಳಬೇಕು. ಬೈಸೆಪ್ಸ್ ಸಡಿಲವಾದ ಹೊತ್ತಿಗೆ ತಲೆ ಒಳಕ್ಕೆ ಜಾರುತ್ತದೆ. ತೋಳನ್ನು ಪಕ್ಕೆಗೆ ತರಲಾಗದವರಿಗೂ ನೋವಿನಿಂದ ಮಾತು ಕೇಳಿಸಿಕೊಳ್ಳಲಾಗದವರಿಗೂ ಇದು ಹೊಂದುವುದಿಲ್ಲ.

2009ರಲ್ಲಿ ಪ್ರಕಟವಾದ ಫೇರ್ಸ್ ವಿಧಾನದಲ್ಲಿ ಅಂಗಾತ ಮಲಗಿದ ರೋಗಿಯ ಮಣಿಕಟ್ಟನ್ನು ಹಿಡಿದು, ಮೊಣಕೈ ನೇರವಾಗಿಟ್ಟು, ತೋಳನ್ನು ಅದರ ಉದ್ದಕ್ಕೆ ಹಗುರವಾಗಿ ಎಳೆಯುತ್ತಾ, ಸುಮಾರು 5 ಸೆಂ.ಮೀ. ಮೇಲೆ ಕೆಳಗೆ ಸೆಕೆಂಡಿಗೆ ಎರಡು ಮೂರು ಬಾರಿ ಆಡಿಸುತ್ತಾ ಪಕ್ಕಕ್ಕೆ ಸರಿಸುತ್ತಾ ಹೋಗುತ್ತಾರೆ. 90 ಡಿಗ್ರಿ ದಾಟಿದ ಮೇಲೆ ತೋಳನ್ನು ಹೊರಕ್ಕೆ ತಿರುಗಿಸಬೇಕು, ಆಡಿಸುವುದನ್ನು ನಿಲ್ಲಿಸಬಾರದು; 120 ಡಿಗ್ರಿಯ ಆಸುಪಾಸಿನಲ್ಲಿ ಕೀಲು ಕೂರುತ್ತದೆ. ಆ ಅಲುಗಾಟವೇ ಸ್ನಾಯುವಿನ ಬಿಗಿತವನ್ನು ಬಿಡಿಸುತ್ತದೆ.

ಕೈಯಲ್ಲಿ ಸಿಬ್ಬಂದಿ ಕಡಿಮೆ ಇರುವಾಗ 1900ರಲ್ಲಿ ಸ್ಟಿಮ್ಸನ್ ವಿವರಿಸಿದಂತೆ ಬೋರಲು ಮಲಗಿಸಿ, ಇಳಿಬಿಟ್ಟ ಮಣಿಕಟ್ಟಿಗೆ 2ರಿಂದ 5 ಕಿಲೋ ಭಾರ ಕಟ್ಟಿ 20ರಿಂದ 30 ನಿಮಿಷ ಬಿಡಬಹುದು. ಮಂಪರು ಔಷಧ ಕೊಟ್ಟವರನ್ನು ಬೋರಲು ಮಲಗಿಸುವಂತಿಲ್ಲ. ಎಳೆತ ಮತ್ತು ಎದುರೆಳೆತದ ಹಳೆಯ ವಿಧಾನ ಇಂದಿಗೂ ಉಪಯೋಗಕ್ಕೆ ಬರುತ್ತದೆ: ಮಡಚಿದ ಹೊದಿಕೆಯನ್ನು ಎದೆಯ ಸುತ್ತ ಕಂಕುಳಿನಡಿ ಹಾಯಿಸಿ ಸಹಾಯಕರು ಒಂದು ಕಡೆಗೆ ಹಿಡಿಯುತ್ತಾರೆ, ವೈದ್ಯರು ತೋಳನ್ನು ಕೆಳಕ್ಕೆ ಹೊರಕ್ಕೆ ಒಂದೇ ಸಮನಾಗಿ, ಜಗ್ಗಾಟವಿಲ್ಲದೆ ಎಳೆಯುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಮಂಪರು ಬೇಕು. ಕಂಕುಳಿನಲ್ಲಿ ಹಿಮ್ಮಡಿಯಿಟ್ಟು ಎಳೆಯುವ ಹಿಪೊಕ್ರಟೀಸನ ವಿಧಾನ ನರಗಳನ್ನು ನಜ್ಜುಗುಜ್ಜು ಮಾಡಬಲ್ಲದು, ಅದನ್ನು ಕೈಬಿಡಬೇಕು. 1870ರಲ್ಲಿ ಕೋಷರ್ ವಿವರಿಸಿದ ಮೂಲ ವಿಧಾನದಲ್ಲಿ ಎಳೆತವೇ ಇರಲಿಲ್ಲ. ಆಮೇಲಿನವರು ಎಳೆತ ಸೇರಿಸಿ ಬಲವಾಗಿ ತಿರುಚಿದ್ದರಿಂದ ತೋಳುಮೂಳೆ ಮುರಿದ ಪ್ರಕರಣಗಳಾದವು. ಮೂಳೆ ಸವೆದ ಹಿರಿಯರಲ್ಲಿ ಅದನ್ನು ಬಳಸಲೇಬಾರದು.

ಎರಡು ಮೂರು ಮೃದು ಪ್ರಯತ್ನಗಳಲ್ಲಿ ಕೂರದಿದ್ದರೆ ನಿಲ್ಲಿಸಬೇಕು. ಬೈಸೆಪ್ಸಿನ ಸ್ನಾಯುರಜ್ಜು, ಹರಿದ ಕಫ್ ಅಥವಾ ಮೂಳೆಯ ತುಣುಕು ನಡುವೆ ಸಿಕ್ಕಿಕೊಂಡಿರಬಹುದು; ಪೂರ್ಣ ಅರಿವಳಿಕೆಯಲ್ಲಿ ಮೂಳೆತಜ್ಞರು ಕೂರಿಸುವುದು ಆಗ ಸರಿಯಾದ ದಾರಿ.

ಹಿಂದಕ್ಕೆ ಅಥವಾ ಕೆಳಕ್ಕೆ ಜಾರಿದ ಭುಜ

ಹಿಂದಕ್ಕೆ ಜಾರಿದ್ದನ್ನು ಮೊದಲ ಭೇಟಿಯಲ್ಲಿ ಗುರುತಿಸದೆ ಬಿಡುವುದು ಇಂದಿಗೂ ನಡೆಯುತ್ತಿದೆ. ಫಿಟ್ಸ್ ಬಂದವರಲ್ಲಿ, ವಿದ್ಯುತ್ ಆಘಾತವಾದವರಲ್ಲಿ ಭುಜ ನೋವೆಂದರೆ ಇದನ್ನು ಮೊದಲು ನೆನೆಯಬೇಕು. ಎರಡೂ ಭುಜಗಳು ಒಟ್ಟಿಗೆ ಜಾರಿರುವುದೂ ಉಂಟು. ತೋಳು ಹೊಟ್ಟೆಯ ಮೇಲೆ ಒಳಕ್ಕೆ ತಿರುಗಿ ನಿಂತಿರುತ್ತದೆ, ಹೊರಕ್ಕೆ ತಿರುಗಿಸಲು ಹೋದರೆ ಒಂದಿಷ್ಟೂ ತಿರುಗುವುದಿಲ್ಲ. ಮುಂದಿನಿಂದ ತೆಗೆದ ಚಿತ್ರದಲ್ಲಿ ಎಲ್ಲವೂ ಸರಿಯಿರುವಂತೆ ಕಂಡರೂ ತಲೆ ವಿದ್ಯುತ್ ಬಲ್ಬಿನಂತೆ ದುಂಡಗೆ ಕಾಣುತ್ತದೆ. ಕಂಕುಳಿನ ಚಿತ್ರ ಸತ್ಯ ಹೇಳುತ್ತದೆ. ಗೂಡಿನ ಹಿಂಅಂಚಿಗೆ ಬಡಿದು ತಲೆಯ ಮುಂಭಾಗದಲ್ಲಿ ದೊಡ್ಡ ತಗ್ಗು ಬಿದ್ದಿದ್ದರೆ ಅಥವಾ ದಿನಗಳು ಕಳೆದಿದ್ದರೆ ಮೂಳೆತಜ್ಞರನ್ನೇ ಕರೆಯಬೇಕು. ಹೊಸ ಪ್ರಕರಣದಲ್ಲಿ ಒಳ್ಳೆಯ ಮಂಪರು ಕೊಟ್ಟು, ತೋಳು ಒಳಕ್ಕೆ ತಿರುಗಿರುವಂತೆಯೇ ಅದರ ಉದ್ದಕ್ಕೆ ಎಳೆದು, ಸಹಾಯಕರು ತಲೆಯನ್ನು ಹಿಂದಿನಿಂದ ಮುಂದಕ್ಕೆ ಒತ್ತಬೇಕು. ತಲೆ ಅಂಚಿನಿಂದ ಬಿಡಿಸಿಕೊಂಡ ಮೇಲಷ್ಟೇ ಹೊರಕ್ಕೆ ತಿರುಗಿಸಬೇಕು, ಅದಕ್ಕೆ ಮೊದಲು ತಿರುಗಿಸಿದರೆ ಮೂಳೆ ಮುರಿಯುತ್ತದೆ. ಫಿಟ್ಸಿನ ಕಾರಣ ಹುಡುಕುವುದು, ರಕ್ತದ ಸಕ್ಕರೆ ಮತ್ತು ಸೋಡಿಯಂ ನೋಡುವುದು ಇದರ ಜೊತೆಗೇ ನಡೆಯಬೇಕು.

ಕೆಳಕ್ಕೆ ಜಾರಿದಾಗ ತೋಳು ಮೇಲಕ್ಕೆ ಎತ್ತಿದಂತೆಯೇ ಸಿಕ್ಕಿಕೊಂಡು, ಮುಂಗೈ ರೋಗಿಯ ತಲೆಯ ಮೇಲೆ ಒರಗಿರುತ್ತದೆ. ಇಲ್ಲಿ ನರ ಮತ್ತು ಅಪಧಮನಿಯ ಗಾಯ ಉಳಿದ ಬಗೆಗಳಿಗಿಂತ ಹೆಚ್ಚು. ತೋಳು ನಿಂತಿರುವ ದಿಕ್ಕಿನಲ್ಲಿಯೇ ಮೇಲಕ್ಕೆ ಎಳೆಯುತ್ತಾ, ಸಹಾಯಕರು ಹೊದಿಕೆಯಿಂದ ಕೆಳಕ್ಕೆ ಎದುರೆಳೆತ ಕೊಟ್ಟರೆ ಮೂಳೆಯ ತಲೆ ಬಿಡಿಸಿಕೊಳ್ಳುತ್ತದೆ. ಅನಂತರ ತೋಳನ್ನು ಪಕ್ಕೆಗೆ ಇಳಿಸಬೇಕು.

ಕೂತ ಮೇಲೆ

ಭುಜದ ಗುಂಡಗಿನ ಆಕಾರ ಮರಳುವುದು, ನೋವು ಒಮ್ಮೆಲೇ ಇಳಿಯುವುದು ಮತ್ತು ರೋಗಿಯ ಕೈ ಎದುರು ಭುಜವನ್ನು ಮುಟ್ಟುವುದು ಕೀಲು ಕೂತದ್ದರ ಗುರುತು. ಕೂಡಲೇ ಸ್ಲಿಂಗ್ (ಕೈಯನ್ನು ಕುತ್ತಿಗೆಯಿಂದ ತೂಗುಹಾಕುವ ಪಟ್ಟಿ) ಹಾಕಿ, ನರ ಮತ್ತು ರಕ್ತನಾಳಗಳನ್ನು ಮೊದಲಿನಂತೆಯೇ ಪೂರ್ತಿ ಪರೀಕ್ಷಿಸಿ ಬರೆದಿಡಬೇಕು. ಎರಡು ಕೋನದ ಎಕ್ಸ್-ರೇ ಮತ್ತೆ ಬೇಕು. ಹಿಂದೆ ಕಾಣದ ಮುರಿತ ಈಗ ಕಾಣಬಹುದು. ದೊಡ್ಡ ಟ್ಯೂಬರಾಸಿಟಿಯ ತುಣುಕು 5 ಮಿ.ಮೀ.ಗಿಂತ ಹೆಚ್ಚು ಸರಿದೇ ಉಳಿದಿದ್ದರೆ ಮೂಳೆತಜ್ಞರ ಅಭಿಪ್ರಾಯ ಅದೇ ದಿನ ಪಡೆಯಬೇಕು. ಮಂಪರು ಕೊಟ್ಟಿದ್ದರೆ ರೋಗಿ ಪೂರ್ಣ ಎಚ್ಚರವಾಗಿ, ತಾವಾಗಿ ನಡೆದು, ಜೊತೆಗೊಬ್ಬರು ಇದ್ದಾಗ ಮಾತ್ರ ಮನೆಗೆ ಕಳಿಸಬೇಕು.

ಸ್ಲಿಂಗ್ ಎಷ್ಟು ದಿನ ಎಂಬುದು ವಯಸ್ಸನ್ನು ಅವಲಂಬಿಸಿದೆ. ಯುವಕರಿಗೆ ಎರಡರಿಂದ ಮೂರು ವಾರ ಹೇಳುವುದು ರೂಢಿ. ನಲವತ್ತು ದಾಟಿದವರಲ್ಲಿ ಭುಜ ಬೇಗ ಹಿಡಿದುಕೊಳ್ಳುವುದರಿಂದ ಒಂದು ವಾರದ ಆಸುಪಾಸಿನಲ್ಲಿಯೇ, ನೋವು ತಾಳುವಷ್ಟು, ಸೊಂಟದಿಂದ ಮುಂದಕ್ಕೆ ಬಾಗಿ ತೋಳನ್ನು ತೂಗಾಡಿಸುವ ವ್ಯಾಯಾಮ ಆರಂಭಿಸಬೇಕು. ಬೆರಳು, ಮಣಿಕಟ್ಟು, ಮೊಣಕೈಗಳನ್ನು ಎಲ್ಲರೂ ಮೊದಲ ದಿನದಿಂದಲೇ ಆಡಿಸುತ್ತಿರಬೇಕು. ತೋಳನ್ನು ಪಕ್ಕಕ್ಕೆ ಎತ್ತಿ ಹೊರಕ್ಕೆ ತಿರುಗಿಸುವ ಭಂಗಿ, ಉದಾಹರಣೆಗೆ ತಲೆಯ ಹಿಂದೆ ಕೈಯಿಟ್ಟು ಮಲಗುವುದು, ಆರು ವಾರ ಬೇಡ. ಕೈ ಜೋಮು ಹಿಡಿದರೆ, ತಣ್ಣಗಾದರೆ, ಬಣ್ಣ ಬದಲಾದರೆ ಅಥವಾ ಭುಜ ಮತ್ತೆ ಜಾರಿದಂತೆ ಅನಿಸಿದರೆ ಯಾವ ಹೊತ್ತಾದರೂ ಮರಳಿ ಬರಬೇಕೆಂದು ಮಾತಿನಲ್ಲೂ ಕಾಗದದಲ್ಲೂ ತಿಳಿಸಬೇಕು.

ಒಂದು ವಾರದೊಳಗೆ ಮೂಳೆತಜ್ಞರ ಭೇಟಿ ನಿಗದಿಯಾಗಬೇಕು. ಹದಿಹರೆಯದವರಲ್ಲಿ ಮತ್ತು ಇಪ್ಪತ್ತರ ಆಸುಪಾಸಿನವರಲ್ಲಿ ಭುಜ ಮತ್ತೆ ಜಾರುವ ಸಾಧ್ಯತೆ ಬಹಳ ಹೆಚ್ಚಿರುವುದರಿಂದ, ಮೈಗೆ ಮೈ ತಾಗುವ ಆಟ ಆಡುವವರಿಗೆ ಲೇಬ್ರಮ್ ಸರಿಪಡಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಮೊದಲ ಘಟನೆಯ ನಂತರವೇ ತಿಳಿಸಿ ಹೇಳುವುದು ಸೂಕ್ತ. ಹಿರಿಯರಲ್ಲಿ ಮತ್ತೆ ಜಾರುವುದು ಕಡಿಮೆ, ಆದರೆ ರೊಟೇಟರ್ ಕಫ್ ಹರಿದಿರುವುದು ಹೆಚ್ಚು. ಎರಡು ವಾರ ಕಳೆದರೂ ತೋಳನ್ನು ತಾವಾಗಿ ಎತ್ತಲಾಗದ ಹಿರಿಯರಿಗೆ ‘ನರ ಸುಧಾರಿಸಲಿ, ನೋಡೋಣ’ ಎಂದು ಸಮಾಧಾನ ಹೇಳಿ ಕಳಿಸಬಾರದು. ನರದ ದೌರ್ಬಲ್ಯವೋ ಕಫ್ ಹರಿದಿರುವುದೋ ಎಂಬುದನ್ನು ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಮೂಲಕ ತಡಮಾಡದೆ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಹರಿದ ಕಫ್ ಹೊಲಿಯಲು ತಿಂಗಳುಗಳ ನಂತರ ಹೋದರೆ ಸ್ನಾಯು ಕುಗ್ಗಿ, ಕೊಬ್ಬು ತುಂಬಿಕೊಂಡು, ಹೊಲಿಗೆ ಹಿಡಿಯುವ ಸ್ಥಿತಿಯಲ್ಲಿರುವುದಿಲ್ಲ.